ನಕ್ಷೆಯಲ್ಲಿ ಬಿಟ್ಟುಹೋದ ಬಾಣಂತಿ

ಕೋವಿಡ್ ಕಳೆದ ಮರುವರ್ಷ ನಾನು ದಾವಣಗೆರೆಯ ಒಂದು ಆಸ್ಪತ್ರೆಯ ಕಿಡ್ನಿ ವಿಭಾಗದಲ್ಲಿ ಸಂಶೋಧನಾ ನರ್ಸ್ ಆಗಿದ್ದೆ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ವಾರ್ಡುಗಳಲ್ಲಿ ದುಡಿದವಳು. ಹೊಸ ಕೆಲಸದಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕಿನ ರೋಗಿಗಳು ನನ್ನ ಪಾಲಿಗೆ ಬಂದಿದ್ದರು. ರಕ್ತ ತೆಗೆದು ಐಸ್ ಡಬ್ಬಿಯಲ್ಲಿ ತರಬೇಕು, ಪ್ರತಿ ರೋಗಿಯ ಮೂರು ತಲೆಮಾರಿನ ಕುಟುಂಬ ನಕ್ಷೆ ಬರೆಯಬೇಕು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ತೀರಿಕೊಂಡವರ ಮೇಲೆ ಒಂದು ಅಡ್ಡಗೆರೆ. ನನ್ನ ನಕ್ಷೆಗಳಲ್ಲಿ ಚಿತ್ತು ಕಾಟು ಇರುತ್ತಿರಲಿಲ್ಲ. ಆ ವಿಷಯದಲ್ಲಿ ನಾನು ಜಂಬದ ಕೋಳಿಯೇ ಆಗಿದ್ದೆ.

ನಮ್ಮ ಸಂಶೋಧನೆ ಕಾಂಪ್ಲಿಮೆಂಟ್ ವ್ಯವಸ್ಥೆಯ ಮೇಲೆ. ಕಾಂಪ್ಲಿಮೆಂಟ್ ಎಂದರೆ ರಕ್ತದಲ್ಲೇ ಇರುವ ಕಾವಲು ಪ್ರೋಟೀನುಗಳು. ರೋಗಾಣು ಒಳಹೊಕ್ಕರೆ ಮೊದಲು ಮೇಲೆ ಬೀಳುವವುಗಳಲ್ಲಿ ಇವೂ ಸೇರಿವೆ. ಆದರೆ ಕಾವಲು ನಾಯಿಗೆ ಸರಪಳಿಯೂ ಬೇಕಲ್ಲ, ಫ್ಯಾಕ್ಟರ್ ಎಚ್ ಎಂಬ ಇನ್ನೊಂದು ಪ್ರೋಟೀನು ಆ ಕೆಲಸ ಮಾಡುತ್ತದೆ. ಕೆಲವು ಮನೆತನಗಳಲ್ಲಿ ಈ ಸರಪಳಿ ಹುಟ್ಟಿನಿಂದಲೇ ಸಡಿಲ. ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಹೆರಿಗೆಯಂಥ ಸಂದರ್ಭ ಬಂದಾಗ ಕಾವಲು ಪ್ರೋಟೀನುಗಳು ಸ್ವಂತ ಕಿಡ್ನಿಯ ಸಣ್ಣ ರಕ್ತನಾಳಗಳ ಮೇಲೆಯೇ ತಿರುಗಿಬೀಳುತ್ತವೆ, ಮೂತ್ರ ನಿಂತುಹೋಗುತ್ತದೆ.

ಶೈಲಾ ಬಂದದ್ದು ಹೆರಿಗೆಯಾದ ಹದಿಮೂರನೇ ದಿನ. ಇಪ್ಪತ್ನಾಲ್ಕು ವರ್ಷದ ಹುಡುಗಿ. ಗಂಡನ ಮನೆ ಕೆರೆಬಿಳಚಿ, ತವರು ಸಾಸ್ವೆಹಳ್ಳಿ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಮಗು, ಸುಖವಾಗಿ ಹೆರಿಗೆ. ಒಂಬತ್ತನೇ ದಿನದಿಂದ ಮೂತ್ರ ಕಡಿಮೆಯಾದರೂ ಯಾರೂ ಗಾಬರಿಯಾಗಲಿಲ್ಲ. ನಮ್ಮ ಕಡೆ ಬಾಣಂತಿಗೆ ನೀರು ಕೊಡುವುದೇ ಅಪರೂಪ. "ಕುಡಿದ್ರಲ್ವೇನ್ರಿ ಹೋಗಾದು, ಅಂತ ನಾವೂ ಸುಮ್ಕಿದ್ವಿ" ಎಂದಳು ಅವಳ ತಾಯಿ ಗಂಗಮ್ಮ. ಮುಖ ಊದಿಕೊಂಡ ಮೇಲೆ ಕರೆತಂದಿದ್ದರು. ಅಂದೇ ಡಯಾಲಿಸಿಸ್ ಶುರುವಾಯಿತು.

ಅಂದೇ ಸಂಜೆ ನಾನು ನಕ್ಷೆ ಬರೆಯಲು ಕುಳಿತೆ. ಶೈಲಾ ಮಂಚದ ಮೇಲಿದ್ದಳು. ಅತ್ತೆ ಒಂದು ಕಡೆ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡ ಗಂಗಮ್ಮ ಇನ್ನೊಂದು ಕಡೆ. "ನಿಮಗೆ ಮಕ್ಕಳೆಷ್ಟು?" ಎಂದೆ. "ಇವಳೊಬ್ಬಳೇ" ಎಂದಳು. "ನಿಮ್ಮ ಕಡೆ ಯಾರಾದ್ರೂ ಹೆರಿಗೆ ಆದಮೇಲೆ ತೀರಿಕೊಂಡಿದ್ದಾರಾ?" ಗಂಗಮ್ಮ ಬಾಗಿಲ ಕಡೆ ನೋಡಿ, "ಇಲ್ಲ ಬಿಡ್ರಿ, ಅಂಥದ್ದೇನಿಲ್ಲ" ಎಂದಳು. ನಾನು ಬರೆದುಕೊಂಡೆ.

ಇಲ್ಲಿಯೇ ನಾನು ತಪ್ಪಿದ್ದು. ನಾನು ನ್ಯಾಮತಿಯವಳು. ಹಸಿ ಬಾಣಂತಿಯ ಎದುರು ಸತ್ತ ಬಾಣಂತಿಯ ಮಾತು ತೆಗೆಯಬಾರದು ಎಂಬುದನ್ನು ಕೇಳಿಕೊಂಡೇ ಬೆಳೆದವಳು. ನನ್ನ ಸ್ವಂತ ಬಾಣಂತನದಲ್ಲಿ ಅಂಥ ಮಾತೆತ್ತಿದ ನೆರೆಯಾಕೆಯನ್ನು ನಮ್ಮಮ್ಮ ಹೊರಗೆ ಕಳಿಸಿದ್ದಳು. ಅಷ್ಟು ಗೊತ್ತಿದ್ದೂ ಮಂಚದ ಪಕ್ಕದಲ್ಲೇ, ಬೀಗತಿಯ ಮುಂದೆಯೇ ಕೇಳಿದೆ. ಬಂದ ಉತ್ತರವನ್ನು ವೇದವಾಕ್ಯವೆಂದು ನಂಬಿದೆ.

ಮರುದಿನ ನಮ್ಮ ಡಾಕ್ಟರು, ಕಿಡ್ನಿ ತಜ್ಞೆ, "ಮನೆತನದಲ್ಲಿ ಬೇರೆ ಯಾರಿಗಾದರೂ?" ಎಂದು ಕೇಳಿದರು. "ಯಾರಿಗೂ ಇಲ್ಲ ಮೇಡಂ, ಮೂರು ತಲೆಮಾರು ಕೇಳಿದ್ದೇನೆ" ಎಂದೆ. ಕಾಂಪ್ಲಿಮೆಂಟಿನ ಸಿ3 ಪರೀಕ್ಷೆ ತುಸು ಕಡಿಮೆ ತೋರಿಸಿತ್ತು, ಆದರೆ ಅದೊಂದರಿಂದ ಏನನ್ನೂ ನಿರ್ಧರಿಸುವಂತಿರಲಿಲ್ಲ. ಹೆರಿಗೆಯ ನಂಜಿನಿಂದಲೂ ಕಿಡ್ನಿ ಹೀಗೆ ಕೆಡುತ್ತದೆ, ಎಷ್ಟೋ ಸಲ ತಾನೇ ಸರಿಹೋಗುತ್ತದೆ. ಹಾಗಾಗಿ ಕಾದು ನೋಡಿದರು. ಮನೆತನದಲ್ಲಿ ಇಬ್ಬರಿಗೆ ಕಾಯಿಲೆಯಿದ್ದರೆ ಮಾತ್ರ ಜೀನ್ ಪರೀಕ್ಷೆಗೆ ಕಳಿಸುವುದು ನಮ್ಮ ಯೋಜನೆಯ ನಿಯಮ, ಅದರಿಂದಾಗಿ ಅದೂ ಹೋಗಲಿಲ್ಲ. ಮೂರು ತಿಂಗಳು ಕಳೆದವು. ಕಿಡ್ನಿ ಚೇತರಿಸಲಿಲ್ಲ.

ಗಂಗಮ್ಮ ತನ್ನದೊಂದು ಕಿಡ್ನಿ ಕೊಡುತ್ತೇನೆಂದು ಮುಂದೆ ಬಂದಳು. ಗುಂಪು ಹೊಂದಿತು, ಬಿಪಿ ಚೆನ್ನಾಗಿತ್ತು. ಹುಷಾರಾದ ಮೇಲೆ ಮಗಳಿಗೆ ಏನೇನು ಮಾಡಿಹಾಕಬೇಕೆಂದು ಆಗಲೇ ಲೆಕ್ಕ ಹಾಕುತ್ತಿದ್ದಳು. ಎದೆಯ ಎಕ್ಸ್‌ರೇಗೆ ನಾನೇ ಕರೆದುಕೊಂಡು ಹೋದೆ. ಕೊರಳಿನದನ್ನು ತೆಗೆಯಬೇಕು ಎಂದಾಗ ಹಿಂದೆಮುಂದೆ ನೋಡಿದಳು. ತಾಳಿ ತೆಗೆಯಲು ಎಲ್ಲ ಹೆಂಗಸರೂ ಹಾಗೆಯೇ. ಕೊನೆಗೆ ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು. ತಾಳಿಯ ಬೊಟ್ಟುಗಳ ಜೊತೆ ಸವೆದುಹೋದ ಒಂದು ಬೆಳ್ಳಿ ಬಿಲ್ಲೆಯಿತ್ತು, ಅದರ ಮೇಲೆ ಮಸುಕಾಗಿ ಒಂದು ಹೆಣ್ಣಿನ ರೂಪ. ತೀರಿಹೋದ ಮೊದಲ ಹೆಂಡತಿಯ ಹೆಸರಿನಲ್ಲಿ ಎರಡನೆಯವಳು ಇಂಥದ್ದನ್ನು ತಾಳಿಗೆ ಪೋಣಿಸಿಕೊಳ್ಳುವುದುಂಟು.

"ಯಾರದು ಗಂಗಮ್ಮಾರೆ ಇದು?"

"ನಮ್ಮಕ್ಕಂದು" ಎಂದಳು. ಅಕ್ಕ ಶೈಲಾಳನ್ನು ಹೆತ್ತ ಹನ್ನೊಂದನೇ ದಿನಕ್ಕೆ ಹೋಗಿಬಿಟ್ಟಿದ್ದಳು. ಮೈಯೆಲ್ಲ ಊದಿ, ಮೂತ್ರ ಕಟ್ಟಿ, ಕೊನೆಗೆ ಫಿಟ್ಸ್ ಬಂದು. ಊರಿನವರು ಬಾಣಂತಿ ಸನ್ನಿ ಎಂದರು. ಮೂರು ತಿಂಗಳಿಗೆ ಗಂಗಮ್ಮನನ್ನು ಅದೇ ಭಾವನಿಗೆ ಕೊಟ್ಟು, ಕೂಸನ್ನು ಅವಳ ಮಡಿಲಿಗೆ ಹಾಕಿದರು.

"ಮತ್ತೆ ನೀವು ಹಡೆಯಲೇ ಇಲ್ಲವಾ?"

"ಹೆಂಗೆ ಹಡೀಲಿ ಸಿಸ್ಟರ್? ನಾನೂ ಅಕ್ಕನಂಗೆ ಹೋದ್ರೆ ಈ ಕೂಸನ್ನ ಯಾರು ನೋಡಾರು ಅಂತ ಬ್ಯಾಡ ಅಂದೆ. ಶೈಲಾಗೆ ಇದೇನೂ ಗೊತ್ತಿಲ್ಲ. ಬರೀಬ್ಯಾಡ್ರಿ. ಹೆತ್ತವ್ವ ಅಲ್ಲ ಅಂತ ಗೊತ್ತಾದ್ರೆ ನನ್ನ ಕಿಡ್ನಿ ತಗಳಲ್ಲ ಅಂತಾರೆ."

ನಾನು ಬರೆಯುವುದಿಲ್ಲ ಎಂದು ಮಾತು ಕೊಡಲಿಲ್ಲ, ಬರೆಯುತ್ತೇನೆ ಎನ್ನುವ ಧೈರ್ಯವೂ ಬರಲಿಲ್ಲ. ಎರಡು ದಿನ ಹಾಗೆಯೇ ಕಳೆದೆ. ಅಕ್ಕನ ಸಾವು ಕಾಂಪ್ಲಿಮೆಂಟ್ ಕಾಯಿಲೆಯೇ ಆಗಿದ್ದರೆ ದೋಷ ತಂಗಿಯಲ್ಲೂ ಇರಬಹುದು. ಹೆರದೆ ಇದ್ದದ್ದರಿಂದ ಇಷ್ಟು ದಿನ ಅವಳಲ್ಲಿ ಅದು ಮಲಗಿರಬಹುದು. ಕಿಡ್ನಿ ತೆಗೆದರೆ ಅವಳಿಗೂ ಅಪಾಯ, ಶೈಲಾಳ ಮೈಯಲ್ಲಿ ಆ ಕಿಡ್ನಿಯೂ ಹಾಳಾಗಬಹುದು. ನನಗೆ ಭಯವಾಯಿತು. ಮೂರನೇ ದಿನ ಸಾಸ್ವೆಹಳ್ಳಿಯ ಬಸ್ಸು ಹತ್ತಿ ಹೋಗಿ, ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಗಂಗಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ.

"ನಂಗೆ ಏನಾದ್ರೂ ಆಗ್ಲಿ. ಅವಳಿಗೆ ಹಾಕಿದ್ದೂ ಕೆಟ್ಟುಹೋಗ್ತೈತಾ?" ಎಂದು ಕೇಳಿದಳು.

"ಹೋಗಬಹುದು."

"ಹಂಗಾದ್ರೆ ಬರ್ಕಳ್ರಿ" ಎಂದಳು. "ನೀಲಮ್ಮ ಅಂತ ಅವಳ ಹೆಸರು." ಆ ಮನೆಯಲ್ಲಿ ಇಪ್ಪತ್ನಾಲ್ಕು ವರ್ಷದಿಂದ ಯಾರೂ ಆ ಹೆಸರು ಹೇಳಿರಲಿಲ್ಲವಂತೆ.

ಇಬ್ಬರ ರಕ್ತವೂ ಜೀನ್ ಪರೀಕ್ಷೆಗೆ ಹೋಯಿತು. ಐದು ವಾರಕ್ಕೆ ವರದಿ ಬಂತು. ಫ್ಯಾಕ್ಟರ್ ಎಚ್ ಜೀನಿನಲ್ಲಿ ಇಬ್ಬರಿಗೂ ಒಂದೇ ದೋಷ. ಗಂಗಮ್ಮನ ಕಿಡ್ನಿ ಹಾಕುವ ಮಾತು ಅಲ್ಲಿಗೇ ನಿಂತಿತು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕಾಂಪ್ಲಿಮೆಂಟನ್ನು ತಡೆಯುವ ಔಷಧಿ ಇದೆಯಾದರೂ ಅದರ ಬೆಲೆ ಆ ಮನೆಗೆ ಎಟುಕುವಂಥದ್ದಲ್ಲ. ಡಾಕ್ಟರಿಗೆ ನನ್ನ ತಪ್ಪನ್ನು ಒಪ್ಪಿಕೊಂಡೆ. ಮೊದಲೇ ಗೊತ್ತಿದ್ದರೆ ಶೈಲಾಳ ಕಿಡ್ನಿ ಉಳಿಯುತ್ತಿತ್ತೇ ಎಂದು ಕೇಳಿದೆ. "ಮೊದಲ ವಾರವೇ ರಕ್ತದ ಪ್ಲಾಸ್ಮಾ ಬದಲಾಯಿಸುತ್ತಿದ್ದೆ. ಉಳಿಯುತ್ತಿತ್ತೋ ಇಲ್ಲವೋ ಹೇಳಲಾರೆ" ಎಂದರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಶೈಲಾಳಿಗೆ ಹೇಳಿದ್ದು ಗಂಗಮ್ಮನೇ. ಡಯಾಲಿಸಿಸ್ ನಡೆಯುತ್ತಿದ್ದಾಗ ಅವಳ ಪಕ್ಕ ಸ್ಟೂಲಿನಲ್ಲಿ ಕುಳಿತು, ಬಿಲ್ಲೆಯನ್ನು ಸೆರಗಿನಿಂದ ಹೊರತೆಗೆದು ತೋರಿಸಿದಳು. ಶೈಲಾ ಗೋಡೆಯ ಕಡೆ ಮುಖ ತಿರುಗಿಸಿದಳು. ಆ ದಿನ ಮಾತಾಡಲಿಲ್ಲ, ಮುಂದಿನ ಎರಡು ಸರದಿಯಲ್ಲೂ ಇಲ್ಲ. ಗಂಗಮ್ಮ ಮಾತ್ರ ಕೂಸನ್ನು ಎತ್ತಿಕೊಂಡು ತಪ್ಪದೆ ಬಂದು ಅದೇ ಸ್ಟೂಲಿನಲ್ಲಿ ಕೂರುತ್ತಿದ್ದಳು. ನೋಡಲಾರದೆ ನಾನು ಆ ಕೋಣೆಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ನಾಲ್ಕನೇ ಸಲ ಶೈಲಾಳೇ ನನ್ನನ್ನು ಕರೆಸಿದಳು. "ನನ್ನ ಮಗಳಿಗೂ ಇದು ಐತಾ ಸಿಸ್ಟರ್?"

ಇರಬಹುದು, ಇಲ್ಲದೆಯೂ ಇರಬಹುದು, ಎರಡಕ್ಕೂ ಸಮ ಸಾಧ್ಯತೆ ಎಂದೆ. ದೋಷವಿದ್ದವರೆಲ್ಲರಿಗೂ ಕಾಯಿಲೆ ಬರುವುದಿಲ್ಲ ಎಂಬುದನ್ನೂ ಹೇಳಿದೆ. ಅದು ನಿಜವೇ, ಆದರೆ ನನ್ನ ಕಿವಿಗೇ ಒಣ ಸಮಾಧಾನದಂತೆ ಕೇಳಿಸಿತು.

ಅವಳು ನಕ್ಷೆಯನ್ನು ನೋಡಬೇಕೆಂದಳು. ನೀಲಮ್ಮನ ವೃತ್ತವನ್ನು ಹೊಸದಾಗಿ ಸೇರಿಸಿದ್ದರಿಂದ ಆ ಹಾಳೆ ಚಿತ್ತಾಗಿತ್ತು, ಹಾಗೆಯೇ ಕೊಟ್ಟೆ. ಅವಳು ಅಡ್ಡಗೆರೆಯಿದ್ದ ವೃತ್ತದಿಂದ ಹಿಡಿದು ಕೆಳಗೆ ತನ್ನ ಮಗಳವರೆಗೂ ಬೆರಳಾಡಿಸಿದಳು. "ಇದರದ್ದೊಂದು ಜೆರಾಕ್ಸ್ ಕೊಡ್ರಿ" ಎಂದಳು. "ಇವಳು ಹಡೆಯಾಕೆ ಹೋಗೋ ದಿನ ಇದನ್ನ ಜೊತೀಲಿ ಕಳಿಸ್ಬೇಕು. ಅಷ್ಟು ದಿನ ನಾನು ಇರ್ತೀನೋ ಇಲ್ವೋ. ಅವ್ವನ ಕೈಲಿ ಕೊಡ್ರಿ."

ಅವ್ವ ಎಂದದ್ದು ಗಂಗಮ್ಮನನ್ನೇ. ಗಂಗಮ್ಮ ಕೂಸನ್ನು ನನ್ನ ಕೈಗಿತ್ತು ವರಾಂಡಕ್ಕೆ ಹೋದಳು.

ಶೈಲಾ ಈಗಲೂ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಬರುತ್ತಾಳೆ. ನಾನು ನಿವೃತ್ತಳಾಗಿದ್ದೇನೆ. ಅಂದಿನಿಂದ ಕೊನೆಯವರೆಗೂ ನಾನು ನಕ್ಷೆಯನ್ನು ಮಂಚದ ಪಕ್ಕ ಕುಳಿತು ಬರೆಯಲಿಲ್ಲ. ಹಿರಿಯ ಹೆಂಗಸೊಬ್ಬಳನ್ನು ಹೊರಗೆ ಕರೆದು, ಬೆಂಚಿನ ಮೇಲೆ ಕೂರಿಸಿ, ಪೆನ್ನು ಕೆಳಗಿಟ್ಟು, "ನಿಮ್ಮ ಮನೇಲಿ ಯಾರ ಹೆಸರು ಎತ್ತಲ್ಲ?" ಎಂದು ಕೇಳುತ್ತಿದ್ದೆ. ಬಹಳಷ್ಟು ಮನೆಗಳಲ್ಲಿ ಒಂದು ಹೆಸರು ಇರುತ್ತಿತ್ತು.