ಬಾಳವ್ವನ ವಿಮೆ

"ಬೆಕ್ಕಿಗೆ ಇನ್ಶೂರೆನ್ಸ್ ಇದೆಯಾ ಮೇಡಂ?"

ವಿಜಯನಗರದ ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಕೌಂಟರಿನ ಹುಡುಗಿ ಇದನ್ನು ನಗದೇ ಕೇಳಿದಳು. ಬೇರೆ ಯಾರನ್ನೋ ಕೇಳುತ್ತಿರಬೇಕೆಂದು ಹಿಂದೆ ತಿರುಗಿ ನೋಡಿದೆ. ಅಲ್ಲೊಬ್ಬ ಗಂಡಸು ಸ್ವೆಟರ್ ತೊಡಿಸಿದ ನಾಯಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದ. ನನ್ನ ಬುಟ್ಟಿಯಲ್ಲಿ ಬಾಳವ್ವ ಹುಣ್ಣಾದ ಕಿವಿ ಕೆರೆದುಕೊಳ್ಳುತ್ತಿದ್ದಳು.

"ನನಗ ಇಲ್ಲವ್ವ ತಂಗಿ, ಬೆಕ್ಕಿಗೆ ಎಲ್ಲಿಂದ ತರ್ಲಿ?" ಅಂದೆ.

"ಯೋಚ್ನೆ ಮಾಡಿ ಮೇಡಂ. ಈಗ ಎಲ್ರೂ ಮಾಡಿಸ್ತಾರೆ," ಎಂದು ಬಣ್ಣದ ಕಾಗದವೊಂದನ್ನು ಕೈಗಿಟ್ಟಳು.

ಗದಗಿನ ಬಂಧುಗಳೇ, ಇದು ಸುಳ್ಳಲ್ಲ. ಆ ಕಾಗದದಲ್ಲಿ ಬೆಕ್ಕಿನ ಹುಟ್ಟಿದ ದಿನ ಕೇಳಿದ್ದರು. ನನ್ನದೇ ಹುಟ್ಟಿದ ದಿನವನ್ನು ಸಾಲಿ ಮಾಸ್ತರು ಅಂದಾಜಿನ ಮೇಲೆ ಬರೆದದ್ದು! ತಳಿ ಯಾವುದೆಂದು ಕೇಳಿದ್ದರು. ಮೆಣಸಿನಕಾಯಿ ಗೋದಾಮಿನ ಹಿಂದೆ ಹುಟ್ಟಿದ್ದಕ್ಕೆ ಎಂಥ ತಳಿ? ವಯಸ್ಸಾದ ಬೆಕ್ಕಿಗೆ ಕೊಡುವುದಿಲ್ಲವಂತೆ, ಹಳೆಯ ಕಾಯಿಲೆಗೆ ಕೊಡುವುದಿಲ್ಲವಂತೆ, ಹೊರಗೆ ಅಲೆಯುವ ಬೆಕ್ಕಾದರೆ ನೋಡಬೇಕಂತೆ. ಒಟ್ಟಿನಲ್ಲಿ ಏನೂ ಆಗದ ಬೆಕ್ಕಿಗೆ ಮಾತ್ರ ಕೊಡುತ್ತಾರೆ. ಇದನ್ನೂ ದುಡ್ಡು ಕೊಟ್ಟು ಕೊಳ್ಳುವ ಜನ ಇಲ್ಲಿದ್ದಾರೆ. ನಮ್ಮ ಓಣಿಯಲ್ಲಿ ಬಾಳವ್ವ ನಾಲ್ಕು ಮನೆಯಲ್ಲಿ ಉಣ್ಣುತ್ತಿದ್ದಳು. ಯಾರ ಬೆಕ್ಕು ಅಂತ ಯಾರೂ ಕೇಳುತ್ತಿರಲಿಲ್ಲ. ಗಾಯವಾದರೆ ಅರಿಶಿನ ಹಚ್ಚುತ್ತಿದ್ದೆವು, ಅಷ್ಟೇ.

ಗದಗಿನಲ್ಲಿ ವರ್ಷಗಟ್ಟಲೆ ಹೊಲಿಗೆ ಕಲಿಸಿದವಳು ನಾನು. ಮಾಗಡಿ ರಸ್ತೆಯ ತರಬೇತಿ ಕೇಂದ್ರದಲ್ಲಿ ಕೆಲಸ ಸಿಕ್ಕಿತೆಂದು ಹೋದ ವರ್ಷ ಇಲ್ಲಿಗೆ ಬಂದೆ. ಒಂಟಿ ಹೆಂಗಸು, ಮೇಲೊಂದು ಬೆಕ್ಕು. ಗೋವಿಂದರಾಜನಗರದಲ್ಲಿ ಮನೆ ಹುಡುಕುವಾಗ ಗೇಟಿನಿಂದಲೇ ಸಾಗಹಾಕಿದವರೆಷ್ಟೋ. ಕೊನೆಗೆ ಶಾರದಮ್ಮನೆಂಬವರು ತಮ್ಮ ಮನೆಯ ಮೇಲಿನ ಒಂದು ಕೋಣೆ ಕೊಟ್ಟರು. ಹನ್ನೊಂದು ತಿಂಗಳ ಕರಾರು. ಆಮೇಲೆ ಬೇಕಾದರೆ ಮುಂದುವರಿಸುವುದು, ಇಲ್ಲವಾದರೆ ಗಂಟುಮೂಟೆ ಕಟ್ಟುವುದು. "ಬೆಕ್ಕು ಕೆಳಗಿಳೀಬಾರ್ದು ಕಣ್ರೀ. ನಮ್ದು ಮಡಿ ಮನೆ," ಅಂದಿದ್ದರು. ಇಳಿಯಬೇಡವೆಂದು ಬೆಕ್ಕಿಗೆ ಹೇಳುವುದು ಹೇಗೆಂದು ಮಾತ್ರ ಹೇಳಲಿಲ್ಲ.

ಇಲ್ಲಿಯವರ ಬಗ್ಗೆ ಏನು ಹೇಳಲಿ? ಹುಳಿಗೆ ಬೆಲ್ಲ ಹಾಕುತ್ತಾರೆ. ರೊಟ್ಟಿ ಊಟ ಎಂದು ಬೋರ್ಡು ಹಾಕಿ ಹಪ್ಪಳ ಬಡಿಸುತ್ತಾರೆ. ನಾನು ಬಾಯಿ ತೆರೆದರೆ ಸಾಕು, "ನೀವು ಹುಬ್ಳಿ ಕಡೆಯೋರಾ?" ಅನ್ನುತ್ತಾರೆ. ಗದಗು ಅಂದರೆ, "ಅದೇ, ಹುಬ್ಳಿ," ಎಂದು ತಾವೇ ತೀರ್ಮಾನಿಸುತ್ತಾರೆ. ನನ್ನ ಮಾತಿಗೆ ನಗದೇ ತಿರುಗಿ ನೋಡುವ ಜೀವ ಈ ಊರಿನಲ್ಲಿ ಬಾಳವ್ವ ಒಬ್ಬಳೇ. ಅವಳಿಲ್ಲದಿದ್ದರೆ ಮೊದಲ ತಿಂಗಳೇ ರೈಲು ಹತ್ತಿಬಿಡುತ್ತಿದ್ದೆ.

ಅಂದು ಕ್ಲಿನಿಕ್ಕಿನಿಂದ ಬಂದವಳೇ ಶಾರದಮ್ಮನ ಮುಂದೆ ಆ ಕಾಗದ ಆಡಿಸಿ ಹೊಟ್ಟೆ ತುಂಬ ನಕ್ಕೆ. ಅವರು ನಗಲಿಲ್ಲ. "ಎಲ್ಲಿ ಅಂದ್ರಿ ಆ ಕ್ಲಿನಿಕ್ಕು?" ಎಂದು ಕೇಳಿ ಕಾಗದ ಇಸಿದುಕೊಂಡರು. ಡಬ್ಬಿಯ ತಳಕ್ಕೆ ಹಾಸಲು ಇರಬೇಕು ಅಂದುಕೊಂಡೆ.

ಎರಡು ತಿಂಗಳ ನಂತರ ಒಂದು ಸಂಜೆ ಬಾಳವ್ವ ಕುಂಟುತ್ತ ಬಂದಳು. ಮುಂಗಾಲು ನೆಲಕ್ಕೆ ಊರಲಾರಳು. ಎಲ್ಲಿಂದ ಬಿದ್ದಳೋ, ಯಾವ ಗಾಡಿ ತಾಗಿತೋ. ಅರಿಶಿನ ನೆನಪಾಗಲಿಲ್ಲ; ಆಟೋ ನೆನಪಾಯಿತು. ಅದೇ ಕ್ಲಿನಿಕ್ಕು, ಎಕ್ಸ್‌ರೇ, ಪಟ್ಟಿ. ಮೂಳೆ ಬಿರುಕು ಬಿಟ್ಟಿದೆ, ವಾಸಿಯಾಗುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ ಕೌಂಟರಿಗೆ ಹೋಗಿ, ನಾಚಿಕೆ ಬಿಟ್ಟು, "ಆ ಇನ್ಶೂರೆನ್ಸ್ ಮಾಡಿಬಿಡವ್ವ ತಂಗಿ," ಅಂದೆ.

ಹುಡುಗಿ ಕೈಯಳತೆಯ ಯಂತ್ರವೊಂದನ್ನು ಬಾಳವ್ವನ ಕುತ್ತಿಗೆಯ ಹಿಂದೆ ಆಡಿಸಿದಳು. ಅದು ಕೀಂ ಅಂತು. ಅಕ್ಕಿಕಾಳಿನಷ್ಟು ಸಣ್ಣ ಎಲೆಕ್ಟ್ರಾನಿಕ್ ಚಿಪ್ ಒಂದು ಚರ್ಮದಡಿ ಇದೆಯಂತೆ, ಯಾರ ಬೆಕ್ಕೆಂದು ಗುರುತಿಗೆ.

"ಇದಕ್ಕೆ ಆಗ್ಲೇ ಪಾಲಿಸಿ ಇದೆಯಲ್ಲ ಮೇಡಂ. ಹೆಸ್ರು ಪಿಂಕಿ. ಓನರ್ ಶಾರದಮ್ಮ. ಇನ್ನೊಬ್ರ ಬೆಕ್ಕಿಗೆ ನೀವು ಮಾಡ್ಸೋಕಾಗಲ್ಲ."

ಪಿಂಕಿ! ಮನೆಗೆ ಹೇಗೆ ಬಂದೆನೋ ತಿಳಿಯದು. ಶಾರದಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ಯಾರ ಬೆಕ್ಕು ಅಂತ ತಿಳಕೊಂಡೀರಿ?"

ಅವರು ತಲೆ ಎತ್ತಲಿಲ್ಲ. "ನೀವು ಎಂಟಕ್ಕೆ ಹೋದ್ರೆ ಏಳಕ್ಕೆ ಬರ್ತೀರಾ. ಮಧ್ಯಾಹ್ನ ಅದು ಎಲ್ಲಿರುತ್ತೆ ಅಂತ ಒಂದಿನಾನಾದ್ರೂ ಕೇಳಿದೀರಾ? ನನ್ನ ಮಂಚದ ಮೇಲೆ ಮಲ್ಗಿರುತ್ತೆ."

"ಮಡಿ ಮನಿ ಅಂದಿದ್ರಲ್ಲ?"

"ಅಂದೆ. ಏನೀಗ? ನೀವು ಇನ್ಶೂರೆನ್ಸ್ ಅಂದ್ಕೊಂಡು ನಕ್ಕಿದ್ರಿ, ನಂಗೆ ನಗು ಬರ್ಲಿಲ್ಲ. ನೀವು ಹನ್ನೊಂದು ತಿಂಗ್ಳಿಗೆ ಖಾಲಿ ಮಾಡ್ಕೊಂಡು ಹೋಗೋರು. ಆಮೇಲೆ ಅದನ್ನ ನೋಡೋರ್ಯಾರು?"

"ನಾ ಹೋದ್ರ ಅಕೀನೂ ಕರ್ಕೊಂಡು ಹೋಗ್ತೀನಿ."

"ಹೋಗಿ. ಅದು ಬಂದ್ರೆ."

ಬಾಳವ್ವ ಆಗಲೇ ಬುಟ್ಟಿಯಿಂದಿಳಿದು, ಮೂರು ಕಾಲಿನಲ್ಲಿ ಹೊಸ್ತಿಲು ದಾಟಿ ಅವರ ಮನೆಯೊಳಗೆ ಹೋಗಿದ್ದಳು. ನನ್ನ ಕಣ್ಣು ತುಂಬಿತು. ಶಾರದಮ್ಮ ಅದನ್ನು ನೋಡಿದರು. ಸೆರಗಿಗೆ ಕೈ ಒರೆಸಿಕೊಂಡು ಒಳಗಿನಿಂದ ಒಂದು ಫಾರಂ ತಂದರು.

"ಎಕ್ಸ್‌ರೇ ಬಿಲ್ ಕೊಡಿ, ಕ್ಲೇಮ್ ಹಾಕ್ಬೇಕು. ನಾನು ಸಿಗ್ದೇ ಇದ್ರೆ ಅಂತ ನಿಮ್ಮ ನಂಬರೂ ಬರೀತೀನಿ. ಹೇಳಿ."

ಹೇಳಿದೆ. ನಂಬರಿನ ಪಕ್ಕ 'ಬೆಕ್ಕಿಗೆ ಸಂಬಂಧ' ಎಂಬ ಚೌಕವಿತ್ತು. ಅದರಲ್ಲಿ ಅವರು ದುಂಡಗೆ 'ಬಾಡಿಗೆಯವರು' ಎಂದು ಬರೆದರು.

ಪೆನ್ನು ಕಿತ್ತುಕೊಂಡು ಆ ಪದ ಹೊಡೆದುಹಾಕಿದೆ. ಏನು ಬರೆಯಲಿ? ಪಂಚಮಿಗೆ ಊರಿಗೆ ಹೋದಾಗ ಅತ್ತಿಗೆ ನನಗೆ ಬಂದವರಿಗಿಡುವ ತಾಟು ಇಟ್ಟು, "ಯಾವಾಗ ಹೊಂಟಿ?" ಎಂದು ಕೇಳಿದ್ದಳು. ನನ್ನ ಕೋಣೆಯಲ್ಲಿ ಈರುಳ್ಳಿ ಚೀಲಗಳಿದ್ದವು. ಆ ಮನೆಗೆ ನನ್ನ ಸಂಬಂಧವೇನೆಂದು ಕೇಳಿದ್ದರೂ ಉತ್ತರ ಇರಲಿಲ್ಲ.

"ಖಾಲಿ ಬಿಡ್ಬೇಡಿ, ವಾಪಸ್ ಕಳಿಸ್ತಾರೆ," ಅಂದರು ಶಾರದಮ್ಮ.

ಹೊಡೆದುಹಾಕಿದ ಪದವನ್ನೇ ಅದರ ಕೆಳಗೆ ನನ್ನ ಕೈಬರಹದಲ್ಲಿ ಬರೆದುಕೊಟ್ಟೆ.