ಈರಪ್ಪ ಮಾಮಾ ಕಟ್ಟಿದ ಶಿರಸಿ ಸ್ಟೇಷನ್

ನಮ್ಮ ಈರಪ್ಪ ಮಾಮಾ ತೆಗೆದ ಆ ಕಾಲದ ಫೋಟೋಗಳಲ್ಲಿ ಯಾರಿಗೂ ಕಾಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆಯ ಮನೆಗಳಲ್ಲಿ ಹುಡುಕಿದರೆ ಇವತ್ತಿಗೂ ಒಂದೆರಡು ಸಿಕ್ಕಾವು. ಕೋಟು ತೊಟ್ಟ ಯಜಮಾನ, ಪಕ್ಕದಲ್ಲಿ ಹೆಂಡತಿ, ಕಂಕುಳಲ್ಲಿ ಕೂಸು. ಒಂದು ಕಡೆ ಹೊಗೆ ಬಿಡುತ್ತ ನಿಂತ ರೈಲು, ಇನ್ನೊಂದು ಕಡೆ ‘ಶಿರಸಿ’ ಎಂದು ಬರೆದ ದೊಡ್ಡ ಬೋರ್ಡು. ಮೊಣಕಾಲಿನ ಕೆಳಗೆ ಮಾತ್ರ ಎಲ್ಲರೂ ಪ್ಲಾಟ್‌ಫಾರಮ್ಮಿನಲ್ಲಿ ಮುಳುಗಿಹೋಗಿದ್ದಾರೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಶಿರಸಿಗೆ ರೈಲು ಬಂದಿಲ್ಲ. ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆ ಸ್ಟೇಷನ್ ಇದ್ದದ್ದು ನಮ್ಮ ಮನೆಯ ಹಿತ್ತಲಲ್ಲಿ, ಒಂದು ಮೇಜಿನ ಮೇಲೆ.

ಮಾಮಾ ಎಂದರೆ ಅವ್ವನ ತಮ್ಮ. ಶಿರಸಿ ಪೇಟೆಯಲ್ಲಿ ಒಂದು ಫೋಟೋ ಸ್ಟುಡಿಯೋ, ಅದರ ಹಿಂದೆಯೇ ಮನೆ. ಬನವಾಸಿ ಕಡೆಯ ಮಂದಿ ನಾವು. ಅಪ್ಪ ತೀರಿಕೊಂಡ ಮೇಲೆ ಅವ್ವ, ಅಕ್ಕ ಶಾಂತಾ ಮತ್ತು ನಾನು ಅವನ ಮನೆಗೆ ಬಂದು ಸೇರಿದೆವು. ಫೋಟೋ ತೊಳೆಯುವ ಔಷಧಿಯಿಂದ ಅವನ ಉಗುರು ಸದಾ ಕಂದು. ಯಾರ ಜೊತೆ ಮಾತಾಡಿದರೂ ಒಂದು ಕಣ್ಣು ಮುಚ್ಚಿಯೇ ಮಾತು. ಎದುರಿನವರ ಮೂಗು ಸೊಟ್ಟಗಿದೆಯೋ ನೆಟ್ಟಗಿದೆಯೋ ಅಳೆಯುತ್ತಿದ್ದಾನೆ ಅನ್ನಿಸಬೇಕು. ಬಾಯಿ ಜೋರು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, “ನಿಮ್ಮದು ಆಗೇತಲ್ಲ, ಏನ್ ಕಿಸಿದ್ರಿ?” ಅನ್ನುತ್ತಿದ್ದ.

ಐವತ್ತರ ದಶಕದ ಕೊನೆಯಲ್ಲಿ ಶಾಂತಕ್ಕನಿಗೆ ಗಂಡು ಹುಡುಕುವುದು ಶುರುವಾಯಿತು. ನಮ್ಮ ಸಂಬಂಧಿಕರೆಲ್ಲ ಹಾವೇರಿ, ಹಾನಗಲ್ಲಿನ ಬಯಲು ಕಡೆಯವರು. ಅವರಿಗೆ ಮಲೆಸೀಮೆ ಎಂದರೆ ಚಳಿಜ್ವರದ ಕಾಡು. ಮೊದಲು ಬಂದ ಮನೆತನದವರು ಶಾಂತಕ್ಕನನ್ನು ಹೊಗಳಿ, ಮಂಡಕ್ಕಿ ತಿಂದು, ಊರಿಗೆ ಹೋಗಿ ಹೇಳಿಕಳಿಸಿದರು: “ಹುಡುಗಿ ಚಲೋ ಅದಾಳ. ಆದ್ರ ಊರಿಗೆ ರೈಲ ಇಲ್ಲ. ನಾಳೆ ಬಾಣಂತನ, ಹಬ್ಬ ಅಂತ ಯಾರು ಹೋಗಿ ಬರೋರು?” ಎರಡನೆಯವರೂ ಅದನ್ನೇ ಅಂದರು. ಮೂರನೆಯವರ ಮಾತು ಬಂದ ದಿನ ಮಾಮಾ ಉಣ್ಣುತ್ತಿದ್ದವನು ಎದ್ದು ಕೈ ತೊಳೆದ.

“ರೈಲ ಬೇಕಂತೇನು ಅವರಿಗೆ? ತರತೀನಿ ತಡಿ.”

“ನಿನಗ ತಲಿ ಕೆಟ್ಟೈತಿ,” ಅಂದಳು ಅವ್ವ.

ತಲೆ ಕೆಟ್ಟಿತ್ತೋ ಇಲ್ಲವೋ, ಕೈ ಮಾತ್ರ ಸರಿಯಾಗಿತ್ತು. ಸ್ಟುಡಿಯೋದ ಸಾಮಾನು ತರಲು ಹಾವೇರಿಗೆ ಹೋದಾಗಲೆಲ್ಲ ಅಲ್ಲಿನ ಸ್ಟೇಷನ್ನಿನಲ್ಲಿ ನಿಂತು ಎಂಜಿನ್ ನೋಡುತ್ತಿದ್ದ. ಪೋರ್ಟರ್ ಬಂದು ಓಡಿಸುವ ತನಕ ಕದಲುತ್ತಿರಲಿಲ್ಲ. ಹರಿದ ಕೊಡೆಗಳ ಕಡ್ಡಿ ಬಿಚ್ಚಿ ಹಳಿ ಮಾಡಿದ. ಬಿದಿರು ಸೀಳಿ ಹಳಿಯ ಕೆಳಗಿನ ಪಟ್ಟಿ. ಪೌಡರ್ ಡಬ್ಬಿಯ ಎಂಜಿನ್ನಿಗೆ ಅಡುಗೆಮನೆಯ ಮಸಿ ಬಳಿದ. ಚಕ್ರಗಳಿಗೆ ಕೋಟಿನ ಗುಂಡಿ. ಹತ್ತಿಯನ್ನು ದೀಪದ ಹೊಗೆಗೆ ಹಿಡಿದು ಎಂಜಿನ್ನಿನ ಹೊಗೆ ಮಾಡಿದ. ನಮ್ಮೂರಲ್ಲಿ ಪುಕ್ಕಟೆ ಸಿಗುವ ಪಾಚಿಯನ್ನು ಒಣಗಿಸಿ ಗುಡ್ಡ ಮಾಡಿದ. ರಟ್ಟಿನ ಪ್ಲಾಟ್‌ಫಾರಮ್ಮು, ಅದರ ಮೇಲೆ ‘ಶಿರಸಿ’ ಬೋರ್ಡು.

“ಓಡ್ತೈತೇನೋ?” ಎಂದು ಅವ್ವ ಕೇಳಿದಳು.

“ಓಡೋ ರೈಲ ಫೋಟೋದಾಗ ಮಸುಕಾಗ್ತೈತಿ. ನಿಂತದ್ದ ಬೇಕು.”

ಉಪಾಯ ಇಷ್ಟೇ. ಮೇಜು ಕ್ಯಾಮೆರಾದ ಮೂಗಿಗೆ ತಾಗುವಷ್ಟು ಹತ್ತಿರ. ಮನುಷ್ಯರು ಹಿತ್ತಲಿನ ತುದಿಯಲ್ಲಿ, ದೂರ. ಹತ್ತಿರದ ಡಬ್ಬಿ ದೊಡ್ಡದಾಗಿ ಕಾಣುತ್ತದೆ, ದೂರದ ಮನುಷ್ಯ ಚಿಕ್ಕದಾಗಿ ಕಾಣುತ್ತಾನೆ, ಎರಡೂ ಒಂದೇ ಅಳತೆಗೆ ಬಂದು ನಿಲ್ಲುತ್ತವೆ. ಎರಡೂ ಸ್ಪಷ್ಟವಾಗಿ ಮೂಡಬೇಕಾದರೆ ಬೆಳಕು ನಿಧಾನ ಒಳಗೆ ಹೋಗಬೇಕು, ಅಷ್ಟು ಹೊತ್ತು ಯಾರೂ ಅಲ್ಲಾಡಬಾರದು. ಕರಿ ಬಟ್ಟೆಯೊಳಗಿಂದ ಮಾಮಾನ ದನಿ ಬರುತ್ತಿತ್ತು: “ಉಸಿರು ಹಿಡೀರಿ, ರೈಲ ಬಿಡೋದರಾಗ ಐತಿ.” ಮೇಜಿನ ಅಂಚು ಅಡ್ಡ ಬಂದು ಕಾಲು ಮುಚ್ಚುತ್ತಿತ್ತು. ಅದೊಂದು ಕೊರತೆ. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಸುದ್ದಿ ಹಬ್ಬಿ ಜನ ಬರತೊಡಗಿದರು. ಹುಲಗೋಳದ ಹೆಗಡೆಯವರೊಬ್ಬರು ಹೆಂಡತಿಯ ಜೊತೆ ಫೋಟೋ ತೆಗೆಸಿ, ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. “ಆನು ಹುಟ್ಟಿದಮೇಲೆ ರೈಲು ಹತ್ತಿದ್ದೇ ಇಲ್ಲೆ ಮಾರಾಯ,” ಅಂದರು. “ಇದರಲ್ಲಿ ನೋಡಿರೆ ಈಗಷ್ಟೇ ಇಳದಾಂಗೆ ಕಾಣ್ತು.”

“ಮತ್ತೆ ಹತ್ತೋದಾದ್ರ ಬರ್ರಿ ಹೆಗಡೇರ, ಗಾಡಿ ಇಲ್ಲೇ ಇರ್ತೈತಿ,” ಅಂದ ಮಾಮಾ.

ಶಾಂತಕ್ಕನದೂ ಅಂಥದೇ ಫೋಟೋ ತೆಗೆದು ಹಾವೇರಿ ಕಡೆಯ ಒಂದು ಮನೆತನಕ್ಕೆ ಕಳಿಸಿದ. ಬಂತು ಒಪ್ಪಿಗೆ. ಹೆಣ್ಣು ನೋಡಲು ಬರುತ್ತೇವೆ ಅಂದರು. ಅವ್ವ ಮನೆಗೆಲ್ಲ ಸುಣ್ಣ ಹಚ್ಚಿಸಿದಳು. ಈ ಸಲ ತಪ್ಪಿದರೆ ಮಗಳಿಗೆ ಮದುವೆಯೇ ಇಲ್ಲ ಎಂದು ಅವಳ ಎಣಿಕೆ. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮಾಮಾನಿಗೆ ಗೊತ್ತಿತ್ತು.

ಬಂದವರು ಧೂಳಿನಲ್ಲಿ ಮಿಂದಿದ್ದರು. ಹುಡುಗ, ಅವನ ಅಪ್ಪ, ಸೋದರತ್ತೆ. ಅಪ್ಪ ಕೂರಲೂ ಇಲ್ಲ.

“ಸ್ಟೇಷನ್ ಎಲ್ಲೈತ್ರಿ?”

“ಹಿತ್ತಲದಾಗ ಐತ್ರಿ. ಚಾ ಕುಡೀರಿ, ತೋರಸ್ತೀನಿ.”

ಆ ಯಜಮಾನ ಹಾವೇರಿ ಸ್ಟೇಷನ್ನಿನಲ್ಲಿ ನಿಂತು ಶಿರಸಿಗೆ ಟಿಕೀಟು ಕೇಳಿದ್ದರು. ಟಿಕೀಟು ಕೊಡುವವನು ನಕ್ಕ. ಸಾಲಿನಲ್ಲಿದ್ದವರೂ ನಕ್ಕರು. ಆಮೇಲೆ ಬಸ್ಸು ಹತ್ತಿ ಕುಲುಕಾಡುತ್ತ ಬಂದಿದ್ದರು.

ಮಾಮಾ ಮುಚ್ಚುಮರೆ ಇಲ್ಲದೆ ಹಿತ್ತಲಿಗೆ ಕರೆದುಕೊಂಡು ಹೋಗಿ ಮೇಜು ತೋರಿಸಿದ. ಹುಡುಗ ಬಗ್ಗಿ, “ಇವು ಕೋಟಿನ ಗುಂಡಿ ಅಲ್ಲೇನ್ರಿ?” ಎಂದು ಖುಷಿಯಿಂದ ಕೇಳಿದ. ಅಪ್ಪ ಕೆಕ್ಕರಿಸಿದ್ದೇ ತಡ, ನೆಟ್ಟಗೆ ನಿಂತ.

“ಇದಕ್ಕ ಮೋಸ ಅಂತಾರ,” ಅಂದರು ಯಜಮಾನ.

“ನೀವು ಕಳಿಸಿದ್ದ ನಿಮ್ಮ ಹುಡುಗನ ಫೋಟೋದಾಗ ಹಿಂದ ತಾಜಮಹಲ ಇತ್ತಲ್ರಿ, ಪರದೆ ಮ್ಯಾಲಿಂದು. ನಾ ಏನರ ಆಗ್ರಾಕ್ಕ ಟಿಕೀಟ ಕೇಳಿದೆನೇನು?”

ಇದು ಹೇಳಬೇಕಾದ ಮಾತಾಗಿರಲಿಲ್ಲ. ನನಗೆ ಇವತ್ತಿಗೂ ನಗು ಬರುತ್ತದೆ, ಅದು ಬೇರೆ.

ಮನೆಯೊಳಗೆ ಬಂದು ಕೂತ ಮೇಲೆ ಹುಡುಗನ ಅತ್ತೆ ಸೆರಗಿನಿಂದ ಫೋಟೋ ತೆಗೆದರು. “ರೈಲಿಂದು ಬಿಡ್ರಿ. ಇದರಾಗ ಹುಡುಗಿ ಕಾಲ ಯಾಕ ಕಾಣವಲ್ದು? ಅಡ್ಡ ಇಟ್ಟು ಮುಚ್ಚೋ ಅಂಥದ್ದು ಏನೈತಿ? ಕರೀರಿ, ನಡಿಸಿ ತೋರಸ್ರಿ.”

ಹೆಣ್ಣನ್ನು ನಾಲ್ಕು ಹೆಜ್ಜೆ ನಡೆಸಿ ನೋಡುವುದು ಆಗಿನ ರೂಢಿ. ಕುಂಟೋ, ಡೊಂಕೋ ಎಂದು. ಹಿಂದೆ ಬಂದವರ ಮುಂದೆಲ್ಲ ಶಾಂತಕ್ಕ ಬಾಗಿಲಿಂದ ಕಂಬದ ತನಕ ತಲೆ ತಗ್ಗಿಸಿ ನಡೆದಿದ್ದಳು. ಅವ್ವ ಕರೆಯಲು ಎದ್ದಳು. ಮಾಮಾ ಬಾಗಿಲಿಗೆ ಅಡ್ಡ ನಿಂತ.

“ಕುಂದ್ರಕ್ಕ. ಈ ಸಲ ಯಾರೂ ನಡಿಯೋದಿಲ್ಲ. ಸಂತ್ಯಾಗ ಎತ್ತು ನಡಿಸಿ ನೋಡತಾರ.”

ಯಜಮಾನರ ದನಿ ತಣ್ಣಗಿತ್ತು. “ಹುಡುಗೀನ ನಡಿಸ್ರಿ. ಫೋಟೋಕ್ಕ ತಪ್ಪಾತು ಅನ್ರಿ. ಎರಡೂ ಆದ್ರ ಮುಂದಿನ ಮಾತು. ಇಲ್ಲಂದ್ರ ನಾವು ಹೊಂಟ್ವಿ.”

“ಈರಪ್ಪಾ,” ಅಂದಳು ಅವ್ವ. ಅವಳು ತಮ್ಮನ ಮುಂದೆ ಕೈ ಮುಗಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. “ಒಂದು ಮಾತು ಅಂದ್ಬಿಡೋ. ಅಕಿ ಬಾಳೇ ಐತಿ.”

ಮಾಮಾ ಅಕ್ಕನ ಮುಗಿದ ಕೈ ಹಿಡಿದು ಇಳಿಸಿ, ಯಜಮಾನರ ಕಡೆ ತಿರುಗಿದ. ತಪ್ಪಾಯಿತು ಅಂದೇ ಬಿಡುತ್ತಿದ್ದನೇನೋ.

ಅಷ್ಟರಲ್ಲಿ ಶಾಂತಕ್ಕ ಒಳಗಿನಿಂದ ಚಹಾದ ತಟ್ಟೆ ಹಿಡಿದು ಬಂದಳು. ಮಾಮಾನನ್ನು ಮೊಣಕೈಯಿಂದ ಸರಿಸಿ, ತಟ್ಟೆ ಕೆಳಗಿಟ್ಟು, ಹೊಸ್ತಿಲ ಹೊರಗಿದ್ದ ಚಪ್ಪಲಿ ಮೆಟ್ಟಿದಳು.

“ನಡೀತೀನ್ರಿ,” ಅಂದಳು. “ಬಸ್ ಸ್ಟ್ಯಾಂಡಿನ ತನಕ. ಚಾ ಕುಡೀರಿ, ನಿಮ್ಮನ್ನ ಹತ್ತಿಸಿ ಬರ್ತೀನಿ.”

ಚಹಾ ಯಾರೂ ಮುಟ್ಟಲಿಲ್ಲ. ಶಾಂತಕ್ಕ ಮಾತ್ರ ಆಡಿದ ಮಾತಿನಂತೆ ಮಾಡಿದಳು. ನಡುಪೇಟೆಯಲ್ಲಿ ಅವಳು ಮುಂದೆ, ಮೂರೂ ಜನ ಹಿಂದೆ, ಅಂಗಡಿಯವರೆಲ್ಲ ಕಟ್ಟೆಯ ಮೇಲೆ. ಬಸ್ಸು ಹೊರಟ ಮೇಲೆ ಅದೇ ದಾರಿಯಲ್ಲಿ ನಡೆದೇ ಬಂದಳು.

ಅವ್ವ ಮಾಮಾನ ಜೊತೆ ಮಾತು ಬಿಟ್ಟಳು. ಬಹಳ ದಿನ ಆದ ಮೇಲೆ ಆಡಿದ ಮೊದಲ ಮಾತು, “ಆ ಮೇಜು ಒಲಿಗೆ ಹಾಕು.”

“ಮೇಜು ಹಾಕೋದಾದ್ರ ಕ್ಯಾಮೆರಾನೂ ಹಾಕು. ಆಮ್ಯಾಲ ನನ್ನೂ ಹಾಕು,” ಅಂದ ಮಾಮಾ. ಮರುದಿನ ಬಿಸಿಲೇರಿದ ಮೇಲೆ ಶಾಂತಕ್ಕನನ್ನು ಹಿತ್ತಲಿಗೆ ಕರೆದ. ಈ ಸಲ ದೂರದಲ್ಲಿ, ಕಾಲು ಮೇಜಿನ ಅಂಚಿನ ಮೇಲೆ ಕಾಣುವ ಹಾಗೆ, ಒಂದು ಎತ್ತರದ ಬೆಂಚು ಹಾಕಿ ಅದರ ಮೇಲೆ ಅವಳನ್ನು ನಿಲ್ಲಿಸಿದ. ಸೀರೆಯನ್ನು ಗೇಣು ಮೇಲೆತ್ತಲು ಹೇಳಿದ. ಉಸಿರು ಹಿಡಿ ಅಂದ.

ಆ ಫೋಟೋದಲ್ಲಿ ಕಾಲಿದೆ. ಬರಿಗಾಲು, ಕಾಲುಂಗುರವಿಲ್ಲದ ಹತ್ತೂ ಬೆರಳು, ಶಿರಸಿ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನ ಮೇಲೆ ಊರಿ ನಿಂತಿವೆ. ಮಾಮಾ ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಸ್ಟುಡಿಯೋದ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕಿದ.

“ಲಗ್ನ ಆಗದ ಹುಡುಗಿ ಫೋಟೋ ಬಜಾರದಾಗ ಹಾಕತಾರೇನೋ ಈರಪ್ಪ?” ಎಂದು ಹಿರಿಯರು ಬಂದು ಕೇಳಿದರು.

“ಅಕಿ ಹಾಕು ಅಂದಾಳ. ಅಕಿನ್ನ ಕೇಳ್ರಿ.”

ಅವಳನ್ನು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಶಾಂತಕ್ಕ ಮಾಸ್ತರಿಕೆಯ ಟ್ರೇನಿಂಗ್ ಮುಗಿಸಿ ಸಿದ್ದಾಪುರ ಕಡೆಯ ಬಿಳಗಿಯ ಶಾಲೆಗೆ ಹೋದಳು, ಅಲ್ಲೇ ಮನೆ ಮಾಡಿದಳು. ಮದುವೆ ಆಗಲಿಲ್ಲ. ಅದರಿಂದ ಅವಳ ಬಾಳು ಹಾಳಾಯಿತು, ಪಾಪ ಎಂದು ಇಲ್ಲಿ ಯಾರಾದರೂ ಬರೆದರೆ ಕಾಮೆಂಟ್ ಅಳಿಸುತ್ತೇನೆ, ಮೊದಲೇ ಹೇಳಿದ್ದೇನೆ. ಅವ್ವ ತನ್ನ ಕೊನೆಯ ವರ್ಷಗಳನ್ನು ಕಳೆದದ್ದು ಆ ಮನೆಯಲ್ಲೇ. ಬೇರೆಯವರ ಕೈಯ ಅಡುಗೆ ಅವಳಿಗೆ ಸೇರುತ್ತಿರಲಿಲ್ಲ.

ಕೊನೆಯ ಸಲ ಕಂಡಾಗ ಮಾಮಾನಿಗೆ ಎರಡೂ ಕಣ್ಣು ಮಂಜಾಗಿದ್ದವು. ಆದರೂ ಒಂದನ್ನು ಮುಚ್ಚಿಕೊಂಡೇ ನನ್ನ ಕಡೆ ತಿರುಗಿದ. ಶಿರಸಿಗೆ ರೈಲಂತೆ, ಮತ್ತೆ ಸರ್ವೆ ಮಾಡುತ್ತಾರಂತೆ, ಪೇಪರಿನಲ್ಲಿ ಬಂದಿದೆ ಅಂದೆ.

“ಮಾಡ್ಲಿ. ಸ್ಟೇಷನ್ ನಾ ಕಟ್ಟೀನಿ. ಅವರು ರೈಲ ಅಷ್ಟ ತರಲಿ.”

ಅವರು ತರಲಿಲ್ಲ. ಮಾಮಾ ಕಾಯುತ್ತ ಕೂರಲಿಲ್ಲ, ಹೋದ. ಸ್ಟುಡಿಯೋ ಇದ್ದಲ್ಲಿ ಈಗ ಮೊಬೈಲ್ ಅಂಗಡಿ. ಮೇಜು ಗೆದ್ದಲು ತಿಂದುಹೋಯಿತು. ಪೌಡರ್ ಡಬ್ಬಿಯ ಎಂಜಿನ್ ಮತ್ತು ಆ ಫೋಟೋ ಬಿಳಗಿಯಲ್ಲಿ ಶಾಂತಕ್ಕನ ಮನೆಯ ಪಡಸಾಲೆಯಲ್ಲಿವೆ. ಹೊಸದಾಗಿ ಬಂದವರು ಫೋಟೋದ ಮುಂದೆ ನಿಂತು, ಇದು ಯಾವ ಸ್ಟೇಷನ್, ಟೀಚರ್, ಶಿರಸಿ ಅಂತ ಬರೆದಿದೆಯಲ್ಲ, ಯಾವಾಗಿತ್ತು, ಎಲ್ಲಿತ್ತು ಎಂದು ಕೇಳುತ್ತಾರೆ.

ಶಾಂತಕ್ಕ ಕೂತಲ್ಲಿಂದ ಏಳುವುದಿಲ್ಲ.

“ಸ್ಟೇಷನ್ ಬಿಡ್ರಿ,” ಅನ್ನುತ್ತಾಳೆ. “ಕಾಲು ನೋಡ್ರಿ.”