ಅಣ್ಣನನ್ನು ಒಯ್ದ ವರ್ಷದ ತಿದ್ದುಪಡಿ

ತುರ್ತು ಪರಿಸ್ಥಿತಿ ಹೇರಿ ಒಂದು ವರ್ಷವಾಗುತ್ತ ಬಂದಿತ್ತು. ನಾನು ಆಗ ಗದಗದಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಬಂದು ಕಾನೂನು ಓದುತ್ತಿದ್ದೆ. ಬೆಟಗೇರಿಯ ನಮ್ಮ ನೇಕಾರರ ಓಣಿಯಿಂದ ಅಂಥ ಓದಿಗೆ ಹೋದ ಮೊದಲ ಹುಡುಗಿ ನಾನು. ಕಳಿಸಿದವನು ನನ್ನ ಅಣ್ಣ. ಅಪ್ಪ ತೀರಿಕೊಂಡ ಮೇಲೆ ಮನೆಯ ಮಗ್ಗಕ್ಕೆ ಅವನೇ ದಿಕ್ಕು.

ಅವನು ಮಾಡಿದ ಅಪರಾಧ ಇಷ್ಟೇ. ನೂಲು ಸಿಗದೆ ಓಣಿಯ ಮಗ್ಗಗಳೆಲ್ಲ ನಿಂತಾಗ ನೇಕಾರರ ಸಭೆಯಲ್ಲಿ ಬೆಂಚಿನ ಮೇಲೆ ನಿಂತು ಹೇಳಿದ: "ಸರ್ಕಾರದವರು ನಮ್ಮ ಬಾಯಿ ಮುಚ್ಚಿಸ್ಯಾರ. ಹೊಟ್ಟಿ ಹೆಂಗ ಮುಚ್ಚಸ್ತಾರ ಕೇಳ್ರಿ."

ಮರುದಿನ ಮಧ್ಯಾಹ್ನ ಪೊಲೀಸರು ಬಂದರು. ಅಣ್ಣ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತಿದ್ದ, ಕೈಯಲ್ಲಿ ಲಾಳಿ. ಅಂಗಿ ಹಾಕಿಕೊಳ್ಳಲೂ ಬಿಡದೆ ಎಬ್ಬಿಸಿ ಒಯ್ದರು. ಯಾಕೆಂದು ಹೇಳಲಿಲ್ಲ. ಮೀಸಾ ಎಂಬ ಒಂದೇ ಮಾತು, ವಿಚಾರಣೆಯೇ ಇಲ್ಲದೆ ಒಳಗೆ ಹಾಕುವ ಕಾಯ್ದೆ ಅದು.

ಅವ್ವ ನನ್ನ ಪುಸ್ತಕಗಳ ಮುಂದೆ ಬಂದು ನಿಂತಳು. "ಇಷ್ಟು ಕಾಯ್ದೆ ಓದಾಕತ್ತೀಯಲ್ಲ, ಕೋರ್ಟಿಗಿ ಹೋಗಿ ಕೇಳೂಣು ನಡಿ."

ಗದಗದ ಹಿರಿಯ ವಕೀಲರೊಬ್ಬರ ಮನೆಗೆ ಅವಳನ್ನು ಕರೆದುಕೊಂಡು ಹೋದೆ. ನಮ್ಮ ಕಾಲೇಜಿಗೆ ಒಮ್ಮೆ ಉಪನ್ಯಾಸಕ್ಕೆ ಬಂದಿದ್ದವರು ಅವರು. ಸಂವಿಧಾನವನ್ನು ಪಾರ್ಲಿಮೆಂಟು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪಕ್ಕೆ ಕೈ ಹಚ್ಚುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದನ್ನು ಅಂದು ಎಷ್ಟು ಚಂದ ವಿವರಿಸಿದ್ದರೆಂದರೆ ನಾನು ಆ ತೀರ್ಪನ್ನು ಹುಡುಕಿ ಓದಿದ್ದೆ.

ಈಗ ಅವರು ಕುರ್ಚಿಯಿಂದ ಏಳಲಿಲ್ಲ. "ಏನೂ ಆಗಂಗಿಲ್ಲ ತಂಗಿ. ಮೀಸಾದಾಗ ಸಿಕ್ಕವರ ಪರವಾಗಿ ಯಾರೂ ಅರ್ಜಿ ಹಾಕೂಹಂಗಿಲ್ಲಂತ ಸುಪ್ರೀಂ ಕೋರ್ಟನ ಹೇಳಿಬಿಟ್ಟೈತಿ."

"ತಪ್ಪಾಗಿ ಹಿಡದಿದ್ರೂ ಹಂಗೇನ್ರಿ ಸಾಹೇಬ್ರ?" ಅವ್ವ ಕೇಳಿದಳು.

"ತಪ್ಪಾಗಿ ಹಿಡದಿದ್ರೂ ಹಂಗವ್ವಾ."

ಆ ಮಾತನ್ನು ಅವರು ಮಳೆ ಬರುತ್ತದೆ, ಕೊಡೆ ಹಿಡಿಯಿರಿ ಎನ್ನುವಷ್ಟು ಸಲೀಸಾಗಿ ಹೇಳಿದರು. ನನ್ನ ಮೈ ಉರಿಯಿತು. ಕೆಲವು ಹೈಕೋರ್ಟುಗಳು ಅದೇ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಿದ್ದವು. ಸುಪ್ರೀಂ ಕೋರ್ಟಿನ ಪೀಠದಲ್ಲೇ ಒಬ್ಬ ನ್ಯಾಯಮೂರ್ತಿ ಒಪ್ಪಿರಲಿಲ್ಲ. ಇವರಿಗೆ ಅದೆಲ್ಲ ಗೊತ್ತಿತ್ತು. ಬೇಸರದ ಒಂದು ಮಾತಾದರೂ ಆಡಬಹುದಿತ್ತು.

ಆ ಚಳಿಗಾಲದಲ್ಲಿ ನಲವತ್ತೆರಡನೆಯ ತಿದ್ದುಪಡಿ ಬಂತು. ಅದನ್ನು ಹೊಗಳಲು ಊರಲ್ಲಿ ಸಭೆ ಕರೆದರು. ಭಾಷಣ ಅದೇ ವಕೀಲರದ್ದು. ನಾಗರಿಕರಿಗೆ ಈಗ ಮೂಲಭೂತ ಕರ್ತವ್ಯಗಳು ಬಂದಿವೆ, ಪಾರ್ಲಿಮೆಂಟಿನ ತಿದ್ದುಪಡಿಯನ್ನು ಇನ್ನು ಮುಂದೆ ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ, ಇದು ಜನರ ಗೆಲುವು ಎಂದರು. ಜನ ಚಪ್ಪಾಳೆ ತಟ್ಟಿದರು. ಅಣ್ಣ ನೆಯ್ದ ಸೀರೆ ಉಟ್ಟುಕೊಂಡು ನಾನು ಹೆಂಗಸರ ಸಾಲಿನಲ್ಲಿ ಕೂತಿದ್ದೆ. ತಡೆಯಲಾಗಲಿಲ್ಲ, ಎದ್ದು ನಿಂತೆ.

"ಸರ್, ಮೂಲ ಸ್ವರೂಪಕ್ಕ ಕೈ ಹಚ್ಚಾಕ ಬರಂಗಿಲ್ಲಂತ ಕಾಲೇಜಿನ್ಯಾಗ ಹೇಳಿದವರು ನೀವ. ಈಗ ಅದು ಎಲ್ಲಿ ಹೋತ್ರಿ? ನಮ್ಮಣ್ಣ ಯಾವ ಕರ್ತವ್ಯ ತಪ್ಪಿದ್ದಕ್ಕ ಜೈಲಿನ್ಯಾಗ ಅದಾನು?"

"ಕುಂಡ್ರವ್ವಾ, ಕುಂಡ್ರು," ಎಂದರು ವಕೀಲರು. ಯಾರೋ "ಯಾರ ಮಗಳಲೇ ಆಕಿ?" ಎಂದು ಕೂಗಿದರು. ನಾನು ಕೂಡಲಿಲ್ಲ. ಇಬ್ಬರು ಬಂದು ರಟ್ಟೆ ಹಿಡಿದು ಹೊರಗೆ ಬಿಟ್ಟರು.

ಮರುದಿನ ಪೊಲೀಸರು ಮತ್ತೆ ಮನೆಗೆ ಬಂದು, ಮಗಳ ಬಾಯಿ ಬಿಗಿಹಿಡಿ ಎಂದು ಅವ್ವನಿಗೆ ಗದರಿಸಿದರು. ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಒಬ್ಬಾಂವನ್ನ ಒಯ್ದೀರಿ. ಈಕಿನ್ನ ಒಯ್ಯೂದಾದ್ರ ಮದ್ಲ ನನ್ನ ಒಯ್ರಿ." ಅವರು ಹಾಗೇ ಹೋದರು.

ಚುನಾವಣೆ ಘೋಷಣೆಯಾದ ಮೇಲೆ ಅಣ್ಣನನ್ನು ಬಿಟ್ಟರು. ಆರೋಪ ಇರಲಿಲ್ಲ, ವಿಚಾರಣೆ ಆಗಲಿಲ್ಲ, ಕ್ಷಮೆ ಕೇಳಿದವರು ಯಾರೂ ಇಲ್ಲ. ಬಸ್ ಸ್ಟ್ಯಾಂಡಿನಿಂದ ಒಬ್ಬನೇ ನಡೆದು ಬಂದ. ಊಟಕ್ಕೆ ಕೂತು ಬಾಗಿಲ ಕಡೆಗೇ ನೋಡುತ್ತಿದ್ದ.

ಹೊಸ ಸರ್ಕಾರ ಬಂದು ಮತ್ತೊಂದು ತಿದ್ದುಪಡಿ ಮಾಡಿತು. ತುರ್ತು ಪರಿಸ್ಥಿತಿಯಲ್ಲೂ ಇನ್ನು ಮೇಲೆ ಜೀವದ, ಸ್ವಾತಂತ್ರ್ಯದ ಹಕ್ಕಿಗಾಗಿ ಕೋರ್ಟಿಗೆ ಹೋಗುವುದನ್ನು ತಡೆಯುವಂತಿಲ್ಲ ಎಂದಾಯಿತು. ಎಂಬತ್ತರಲ್ಲಿ ಸುಪ್ರೀಂ ಕೋರ್ಟು ನಲವತ್ತೆರಡನೆಯ ತಿದ್ದುಪಡಿಯ, ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ ಎಂಬ ಆ ಸೊಕ್ಕಿನ ಕಲಮನ್ನೂ ಹೊಡೆದುಹಾಕಿತು. ಆಗ ನಾನು ಗದಗ ಕೋರ್ಟಿನಲ್ಲಿ ಹೊಸ ವಕೀಲೆ. ಅದೇ ಹಿರಿಯ ವಕೀಲರು ಆ ತೀರ್ಪನ್ನು ಹೊಗಳಲು ಸಭೆ ಕರೆದು ನನ್ನನ್ನು ಕೋರ್ಟಿನ ವರಾಂಡದಲ್ಲಿ ತಡೆದು ನಿಲ್ಲಿಸಿದರು.

"ವಂದನಾರ್ಪಣೆ ನೀ ಮಾಡವ್ವಾ."

"ಅವತ್ತಿನ ಸಭಾದಾಗ ನೀವು ಏನು ಹೇಳಿದ್ರಿ ಅದನ್ನ ಮದ್ಲ ಜನರ ಮುಂದ ಹೇಳ್ರಿ ಸರ್. ಆಮ್ಯಾಲ ಮಾಡ್ತೇನಿ."

"ಹಳೇದೆಲ್ಲ ಯಾಕ ಕೆದರ್ತೀ?"

"ನಿಮಗ ಹಳೇದ್ರಿ. ನಮ್ಮನ್ಯಾಗ ಇನ್ನೂ ಹಳೇದಾಗಿಲ್ಲ," ಎಂದು ನಡೆದೆ. ಅವರು ಮುಂದೆ ನನ್ನನ್ನು ಮಾತಾಡಿಸಲಿಲ್ಲ. ನನಗೂ ಬೇಕಿರಲಿಲ್ಲ.

ಆ ತೀರ್ಪನ್ನು ಮನೆಯಲ್ಲಿ ಅಣ್ಣನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಪೂರ್ತಿ ಕೇಳಿ, "ಚೊಲೋ ಆತು," ಎಂದು ಮಗ್ಗಕ್ಕೆ ಇಳಿದ. ಅದೇ ವಾರ ನೇಕಾರರ ಸಭೆಯಿತ್ತು. ನೂಲಿನ ದರ ಮತ್ತೆ ಏರಿತ್ತು. ಎಲ್ಲರೂ ಅವನ ಮುಖ ನೋಡಿದರು. ಅವನು ಹಿಂದಿನ ಗೋಡೆಗೆ ಒರಗಿ ಕೂತವನು ಕಡೆಯತನಕ ಬಾಯಿ ಬಿಡಲಿಲ್ಲ. ಸಂವಿಧಾನ ಮತ್ತೆ ನೆಟ್ಟಗಾಯಿತು ಎಂದು ಊರೆಲ್ಲ ಹೇಳುತ್ತಿತ್ತು. ಅಣ್ಣನನ್ನು ನೋಡಿ, ಅವನ ಬಾಯಿ ಮುಚ್ಚಿಸಿದವರ ಮೇಲೆ ನನಗೆ ಮಾತ್ರ ಹಲ್ಲು ಕಡಿಯುವಷ್ಟು ಸಿಟ್ಟು ಬಂದಿತ್ತು, ಇಂದಿಗೂ ಬರುತ್ತದೆ.